ಹನಕೆರೆಯಿಂದ ದೊಡ್ಡಸ್ವಾಮಿಯ ಗುಡಿಗೆ

ಹನಕೆರೆ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲುತ್ತಿರಲಿಲ್ಲ. ಅವು ಮದ್ದೂರಿನಲ್ಲಿ ನಿಂತು, ಮಂಡ್ಯದಲ್ಲಿ ನಿಂತು, ನಡುವಿನ ನಮ್ಮೂರನ್ನು ಒಂದು ಉದ್ದನೆಯ ಕೂಗು ಹಾಕಿ ದಾಟಿಬಿಡುತ್ತಿದ್ದವು. ನಮಗಾಗಿ ನಿಲ್ಲುತ್ತಿದ್ದದ್ದು ಪ್ಯಾಸೆಂಜರ್ ಗಾಡಿ ಒಂದೇ. ಕಬ್ಬಿನ ಗದ್ದೆಗಳ ನಡುವೆ ಹೊಗೆ ಕಾಣಿಸಿದ ಕೂಡಲೇ ಪ್ಲಾಟ್‌ಫಾರಂ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದವರೆಲ್ಲ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಆಗಿನದು ಮೀಟರ್ ಗೇಜ್ ಹಳಿ. ಬೆಂಗಳೂರಿನಿಂದ ಮೈಸೂರಿನ ತನಕ 1882ರಲ್ಲಿ ಓಡಾಟ ಶುರುವಾದ ಹಳೆಯ ದಾರಿ ಅದು. ನನ್ನ ಪಾಲಿಗೆ ಆ ದಾರಿ ಇದ್ದದ್ದು ವರ್ಷಕ್ಕೊಂದು ದಿನ, ಡಿಸೆಂಬರ್ 8ನೇ ತಾರೀಖು, ಗೆಳೆಯನ ಮನೆಯವರ ಜೊತೆ ಮರಿಯಮ್ಮನ ಹಬ್ಬಕ್ಕೆ ಶ್ರೀರಂಗಪಟ್ಟಣದ ಗಂಜಾಂಗೆ ಹೋಗುವುದಕ್ಕೆ.

ಗೆಳೆಯನ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಪಕ್ಕದ ಸಾಲುಮನೆಗಳಲ್ಲಿ ಅವರದೊಂದು ಮನೆ. ಊರಿನಲ್ಲಿ ಅವರನ್ನು ‘ಕಿಲಸ್ತಾನದವರು’ ಅನ್ನುತ್ತಿದ್ದರು. ಆ ಮಾತಿನಲ್ಲಿ ಕೊಂಕು ಇರುತ್ತಿರಲಿಲ್ಲ, ‘ಗಾಣಿಗರ ಮನೆ’, ‘ಮಡಿವಾಳರ ಮನೆ’ ಎನ್ನುವ ಹಾಗೆ ಅದೂ ಒಂದು ಗುರುತು. ಅವನ ತಾತನ ಹೆಸರಿನ ಕೊನೆಗೂ ನಮ್ಮ ತಾತನ ಹೆಸರಿನ ಕೊನೆಗೂ ‘ಅಪ್ಪ’ ಎಂದೇ ಇತ್ತು. ಮೈಸೂರು ಸೀಮೆಯ ಹಳೆಯ ಕಥೋಲಿಕರ ಹೆಸರುಗಳನ್ನು ಕೇಳಿ ನೋಡಿ: ಪೀಟರ್ ಎಂಬವನು ರಾಯಪ್ಪ, ಪೌಲ್ ಎಂಬವನು ಚಿನ್ನಪ್ಪ, ಜೋಸೆಫ್ ಜೋಜಪ್ಪ, ಜಾನ್ ಅರುಳಪ್ಪ, ಇಗ್ನೇಷಿಯಸ್ ಇನ್ನಾಸಪ್ಪ. ಹೊರಗಿನಿಂದ ಬಂದ ಸಂತರಿಗೆ ನಮ್ಮ ಹಳ್ಳಿಗಳು ಎಂದೋ ಅಪ್ಪ ಅಮ್ಮನ ಸ್ಥಾನ ಕೊಟ್ಟು ಮನೆಯೊಳಗೆ ಕೂರಿಸಿಕೊಂಡಿದ್ದವು.

ಅವರ ಮನೆಯ ನಡುಗೋಡೆಯಲ್ಲಿ ಒಂದು ಗೂಡಿತ್ತು. ನಾನು ಮೊದಲು ಕಂಡ ಕ್ರೈಸ್ತರ ಗುಡಿ ಅಂದರೆ ಆ ಗೂಡೇ. ಒಳಗೆ ನೀಲಿ ಸೆರಗಿನ ಮರಿಯಮ್ಮನ ಪಟ, ಅದರ ಮುಂದೆ ಹರಳೆಣ್ಣೆ ದೀಪ, ಪಕ್ಕದ ಮೊಳೆಗೆ ತೂಗುಹಾಕಿದ ಜಪಸರ. ಪಟಕ್ಕೆ ನಮ್ಮ ಹಿತ್ತಿಲಿನ ಕನಕಾಂಬರವೇ ಹೋಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವರೆಲ್ಲ ಮೊಣಕಾಲೂರಿ ಕೂರುವರು. ಅವನ ಅವ್ವ ಮೊದಲ ಅರ್ಧ ಹೇಳಿದರೆ ಮಿಕ್ಕವರು ಉಳಿದರ್ಧ ಹೇಳುವರು. ಗೋಲಿ ಆಡುವುದಕ್ಕೆ ಅವನನ್ನು ಕರೆಯಲು ಹೋದ ನಾನು ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದೆ. ಐವತ್ತು ಮಣಿ ಮುಗಿಯುವಷ್ಟರಲ್ಲಿ ಹೊರಗೆ ಕತ್ತಲಾಗಿರುತ್ತಿತ್ತು, ಗೋಲಿ ಆಟ ಅಲ್ಲಿಗೆ ಮುಗಿದಂತೆ. ಆ ಜಪದ ಏರಿಳಿತ ಈಗಲೂ ನನ್ನ ಕಿವಿಯಲ್ಲಿದೆ. ನಮ್ಮೂರಿನ ಹೆಂಗಸರು ನಾಟಿ ಹಾಕುವಾಗ ಒಬ್ಬರು ಎತ್ತಿಕೊಟ್ಟ ಪದವನ್ನು ಮಿಕ್ಕವರು ಹಿಡಿದುಕೊಳ್ಳುವ ಬಗೆಯೂ ಅದೇ.

ನಾನು ಮೊದಲ ಸಲ ಗಂಜಾಂಗೆ ಹೋದದ್ದು 1966ರಲ್ಲಿ. ನನಗಾಗ ಒಂಬತ್ತು ವರ್ಷ. ಅಪ್ಪನಿಗೆ ಕೇಳಲು ಹೆದರಿ ಅಜ್ಜಿಯ ಮೊರೆ ಹೋಗಿದ್ದೆ. ನಮ್ಮಜ್ಜಿಯ ಮುಖದ ತುಂಬ ಸಿಡುಬಿನ ಕಲೆ. ಚಿಕ್ಕ ವಯಸ್ಸಿನಲ್ಲಿ ‘ಅಮ್ಮ’ ಆಗಿ ಉಳಿದುಕೊಂಡ ಜೀವ ಅದು. ಜೊತೆಗಿದ್ದ ತಂಗಿ ಉಳಿಯಲಿಲ್ಲವಂತೆ. ಮಾರಮ್ಮನ ಹೆಸರು ಹೇಳದೆ ಅಜ್ಜಿ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಗೆಳೆಯನ ಮನೆಯವರು ಮರಿಯಮ್ಮನ ಹಬ್ಬಕ್ಕೆ ಹೊರಟಿದ್ದಾರೆ ಎಂದಾಗ ಅಜ್ಜಿಯ ಕಿವಿಗೆ ಅದು ಮಾರಮ್ಮ ಎಂದೇ ಬಿದ್ದಿರಬೇಕು. ನಾನು ತಿದ್ದಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:

“ಎಲ್ರೂ ತಾಯ್ದೀರೇ ಕಣ್ಲಾ ಮಗ. ಮಗೀನ ಎತ್ಕಂಡವಳೆ ಅಂತೀಯ, ಇನ್ನೇನು? ಓಗಿದ್ದು ಬಾ. ಅಲ್ಲಿ ಕಾಯಿ ಒಡ್ಸದಿಲ್ವಂತೆ, ನನ್ನೆಸ್ರಲ್ಲಿ ಒಂದು ಬತ್ತಿ ಅಚ್ಬುಟ್ಟು ಬಾ.”

ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಟ್ಟಳು. ಅದರ ಜೊತೆಗೆ ಒಂದು ತೆಂಗಿನಕಾಯಿ. ಗಂಜಾಂ ಅಂದರೆ ಅಜ್ಜಿಗೆ ನಿಮಿಷಾಂಬ. ಕಾವೇರಿ ದಡದ ಆ ತಾಯಿಗೆ ಕಾಯಿ, ಈ ತಾಯಿಗೆ ಬತ್ತಿ. ಎರಡನ್ನೂ ಗೆಳೆಯನ ಅವ್ವನ ಕೈಗೆ ಒಪ್ಪಿಸಿ, “ನೀನೇ ಮಾಡಿಸ್ಬುಡು ಕಣವ್ವ, ಅವು ಹುಡ್ಗುರು” ಎಂದು ಹೇಳಿದ್ದು ನನಗೆ ನೆನಪಿದೆ. ಆ ತಾಯಿ ಕಾಯಿಯನ್ನು ತಮ್ಮ ಬುತ್ತಿಯ ಬಟ್ಟೆಯಲ್ಲೇ ಸುತ್ತಿಕೊಂಡು ಹೊರಟರು.

ಗಾಡಿ ಹತ್ತಿದರೆ ಮಂಡ್ಯ ಬರುವ ಮೊದಲೇ ಸಕ್ಕರೆ ಕಾರ್ಖಾನೆಯ ವಾಸನೆ ಬರುತ್ತಿತ್ತು. ಡಿಸೆಂಬರಿನಲ್ಲಿ ಕಬ್ಬು ಅರೆಯುವ ಭರಾಟೆ, ಕಾಕಂಬಿಯ ಘಾಟು ಕಿಟಕಿಯಲ್ಲಿ ನುಗ್ಗಿ ಅಂಗಿಗೆ ಅಂಟುತ್ತಿತ್ತು. ಮಂಡ್ಯ ಬಿಟ್ಟರೆ ಯಲಿಯೂರು, ಬ್ಯಾಡರಹಳ್ಳಿ, ಚಂದ್ರಗಿರಿಕೊಪ್ಪಲು, ಪಾಂಡವಪುರ. ಗೆಳೆಯನ ತಾತ ಪಾಂಡವಪುರವನ್ನು ಒಂದು ದಿನವೂ ಪಾಂಡವಪುರ ಎನ್ನಲಿಲ್ಲ. ಅವರ ಬಾಯಲ್ಲಿ ಅದು ‘ಪ್ರೆಂಚ್‌ರಾಕ್ಸು’. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಬುಡದಲ್ಲಿ ಬಿಡಾರ ಹಾಕಿದ್ದರಿಂದ ಬಂದ ಹೆಸರು, ಬಹಳ ಕಾಲ ಸ್ಟೇಷನ್ನಿಗೂ ಅದೇ ಹೆಸರಿತ್ತು. ಅಲ್ಲಿ ಗಾಡಿ ನಿಂತಾಗಲೆಲ್ಲ ತಾತ ನಮ್ಮಿಬ್ಬರನ್ನೂ ಕಿಟಕಿಗೆ ಎಳೆದು ಬಂಡೆ ತೋರಿಸುವರು. “ನಮ್ ದೊಡ್ಡಸ್ವಾಮೇರೂ ಪ್ರೆಂಚ್ನೋರೇ ಕಣ್ರಪ್ಪ. ಆದ್ರೆ ಅವ್ರು ಕೋವಿ ಇಡ್ಕಂಡು ಬಂದೋರಲ್ಲ” ಅನ್ನುವರು.

ದೊಡ್ಡಸ್ವಾಮಿ ಯಾರು ಎಂಬುದು ನನಗಾಗ ಗೊತ್ತಿರಲಿಲ್ಲ. ತಾತ ಮಾತನಾಡುತ್ತಿದ್ದ ಬಗೆ ನೋಡಿ ಅವರೇ ಕಂಡಿರುವ, ಹೆಚ್ಚೆಂದರೆ ಅವರ ಅಪ್ಪ ಕಂಡಿರುವ ಯಾರೋ ಸ್ವಾಮಿಗಳು ಇರಬೇಕು ಅಂದುಕೊಂಡಿದ್ದೆ.

ಶ್ರೀರಂಗಪಟ್ಟಣದಲ್ಲಿ ಇಳಿದರೆ ಗಂಜಾಂಗೆ ಜಟಕಾ ಸಿಗುತ್ತಿತ್ತು. ದುಡ್ಡು ಉಳಿಸಲು ನಾವು ನಡೆಯುತ್ತಿದ್ದೆವು. ಕೋಟೆ ದಾಟಿ, ದರಿಯಾ ದೌಲತ್ತಿನ ಕಾಂಪೌಂಡು ದಾಟಿ, ದ್ವೀಪದ ಪೂರ್ವದ ಕಡೆಗೆ. ದಾರಿಯುದ್ದಕ್ಕೂ ತೋಟ, ಎಲ್ಲೆಲ್ಲೂ ನೀರಿನ ಸದ್ದು. ಬೆಳಗಿನ ಮಂಜಿನಲ್ಲಿ ಗಂಟೆಯ ಸದ್ದು ಕೇಳಿಸಿದರೆ ಗೆಳೆಯನ ಅವ್ವ ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಂಡು ಹೆಜ್ಜೆ ಜೋರು ಮಾಡುವರು. ತಡವಾದರೆ ಹಿಂದೆ ನಿಲ್ಲಬೇಕಾಗುತ್ತದೆ ಎಂಬ ಆತಂಕ. ಗುಡಿ ಅಷ್ಟು ಸಣ್ಣದು.

ನಾನು ಚರ್ಚು ಅಂದರೆ ಮೈಸೂರಿನ ಸಂತ ಫಿಲೋಮಿನಾ ದೇವಾಲಯದಂತೆ ಇರುತ್ತದೆ ಅಂದುಕೊಂಡಿದ್ದೆ. ದಸರೆಗೆ ಹೋದಾಗ ಅಪ್ಪ ಅದನ್ನು ತೋರಿಸಿದ್ದರು. ಕುತ್ತಿಗೆ ನೋಯುವಷ್ಟು ಎತ್ತರದ ಅವಳಿ ಗೋಪುರ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಹಾಕಿದ ಕಟ್ಟಡ. ಗಂಜಾಂನ ಗುಡಿಗೆ ಅಂಥ ಯಾವ ಬಿಂಕವೂ ಇಲ್ಲ. ಊರೊಳಗಿನ ಮನೆಗಳ ಜೊತೆಯಲ್ಲಿ ತಾನೂ ಒಂದು ಮನೆ ಎಂಬಂತೆ ನಿಂತಿದೆ. ಅಮಲೋದ್ಭವ ಮಾತೆಯ ಹೆಸರಿನ ದೇವಾಲಯ, ಕಟ್ಟಿದ್ದು 1800ರಲ್ಲಿ. ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲು ಬೀಳುವ ಹೊತ್ತಿಗೆ ಇದಕ್ಕೆ ನೂರಮೂವತ್ತಮೂರು ವರ್ಷವಾಗಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಪ್ರೀತಿ ಉಕ್ಕುವುದು ಈ ಹಿರಿಯಳ ಮೇಲೆಯೇ.

ಒಳಗೆ ನೆಲದ ಮೇಲೆ ಕೂತಿದ್ದೆವು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದಿದ್ದರು. ಮೇಣದ ಬತ್ತಿಯ ವಾಸನೆ, ಸಾಂಬ್ರಾಣಿ ಹೊಗೆ, ಮಲ್ಲಿಗೆ, ಹೊಸ ಬಟ್ಟೆಯ ಗಂಜಿ, ಎಲ್ಲ ಸೇರಿದ ಒಂದು ಹಬ್ಬದ ಕಂಪು. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದು ಆಗ ಒಂದು ವರ್ಷವಾಗಿತ್ತು ಎಂಬುದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಲತೀನಿನಲ್ಲಿ ನಡೆಯುತ್ತಿದ್ದ ಪೂಜೆ ಜನರ ಭಾಷೆಗೆ ಇಳಿದ ಕಾಲ. ಗುರುಗಳು ಕನ್ನಡದಲ್ಲಿ ಹೇಳುತ್ತಿದ್ದರೆ ತಾತ ಮಾತ್ರ ತಮ್ಮ ಹಳೆಯ ಲತೀನನ್ನೇ ತುಟಿಯಲ್ಲಿ ಆಡಿಸುತ್ತಿದ್ದರು. ಅರ್ಥ ಗೊತ್ತಾ ತಾತ ಎಂದು ಹೊರಗೆ ಬಂದ ಮೇಲೆ ಕೇಳಿದೆ. “ದೇವ್ರಿಗೆ ಗೊತ್ತಲ್ಲ ಮಗ” ಅಂದರು. ಎಪ್ಪತ್ತು ವರ್ಷ ಬಾಯಲ್ಲಿದ್ದ ಪದಗಳನ್ನು ಆ ಹಿರಿಯರು ಒಂದೇ ವರ್ಷದಲ್ಲಿ ಬಿಡಲಾರದೆ ಹೋದರು. ಅದು ನನಗೆ ಇಂದು ಹೆಚ್ಚು ಅರ್ಥವಾಗುತ್ತದೆ.

ಪೂಜೆ ಮುಗಿದ ಮೇಲೆ ಅಜ್ಜಿಯ ಬತ್ತಿ ಹಚ್ಚಿದೆವು. ಗೆಳೆಯನ ಅವ್ವ ನನ್ನ ಕೈ ಹಿಡಿದು ಬತ್ತಿಯ ಬುಡ ಕಾಯಿಸಿ ನಿಲ್ಲಿಸುವುದು ಹೇಗೆಂದು ತೋರಿಸಿದರು. “ನಿಮ್ಮಜ್ಜಿ ಹೆಸ್ರು ಹೇಳಿ ಕೈ ಮುಗಿ” ಅಂದರು. ಆಮೇಲೆ ನಿಮಿಷಾಂಬ. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಕಾದರು, ತಾತ ಕಾಲು ನೀರಲ್ಲಿ ಇಳಿಬಿಟ್ಟುಕೊಂಡರು, ನಾನು ಒಳಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಬುತ್ತಿ ಬಿಚ್ಚಿದ್ದು ಅಲ್ಲೇ. ಚಪ್ಪಟೆ ರೊಟ್ಟಿ, ಹಿಸುಕಿದ ಅವರೆಬೇಳೆ ಪಲ್ಯ, ನಮ್ಮಜ್ಜಿಯ ಕಾಯಿಯ ಹೋಳು, ಹಬ್ಬದ ಅಂಗಡಿಯಲ್ಲಿ ಕೊಂಡ ಕಡ್ಲೆಪುರಿ, ಬೆಂಡು ಬತ್ತಾಸು. ಬತ್ತಾಸನ್ನು ಗೆಳೆಯ ಒಂದು ಕಚ್ಚಿ ನನಗೊಂದು ಕೊಟ್ಟ. ಸೊಗಡಿನ ಅವರೆಕಾಯಿ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ಆ ಮೆಟ್ಟಿಲು ಕಣ್ಣಿಗೆ ಕಟ್ಟುತ್ತದೆ.

ಇನ್ನು ದೊಡ್ಡಸ್ವಾಮಿಯ ವಿಷಯ. ಕಾಲೇಜಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ಕೈಗೆ ಸಿಕ್ಕಿತು. ಹಿಂದೂ ಜನರ ಆಚಾರ, ಪದ್ಧತಿ, ಸಂಸ್ಕಾರಗಳ ಬಗ್ಗೆ ಆಬೆ ದ್ಯುಬುವಾ ಎಂಬ ಪಾದ್ರಿ ಬರೆದದ್ದು. ಮೊದಲ ಪುಟಗಳಲ್ಲಿ ಶ್ರೀರಂಗಪಟ್ಟಣ, ಮೈಸೂರು ಎಂಬ ಹೆಸರು ಕಂಡವು. ಓದುತ್ತಾ ಹೋದಂತೆ ಮೈ ಜುಮ್ಮೆಂದಿತು. ತಾತ ಹೇಳುತ್ತಿದ್ದ ದೊಡ್ಡಸ್ವಾಮಿ ಇವರೇ! ಗಾಡಿಯ ಕಿಟಕಿಯಲ್ಲಿ ಕೇಳಿದ ಮಾತು ನೂರೈವತ್ತು ವರ್ಷಕ್ಕೂ ಹಿಂದಿನ ಒಬ್ಬ ಮನುಷ್ಯನದು. ಅಷ್ಟು ಕಾಲದ ಹೆಸರನ್ನು ಅಕ್ಷರ ಬಾರದ ಮನೆಗಳು ನೆನ್ನೆ ಮೊನ್ನೆಯದೆಂಬಂತೆ ಇಟ್ಟುಕೊಂಡಿದ್ದವು.

ಜ್ಯಾಂ ಆಂತ್ವಾನ್ ದ್ಯುಬುವಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯಿಂದ ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಆಗ ಕ್ರಾಂತಿಯ ಬೆಂಕಿ. ಪಾಂಡಿಚೇರಿಯ ಕಡೆ ಕೆಲವು ವರ್ಷ ಕಳೆದು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಬಂದಾಗ ಇಲ್ಲಿನ ಕ್ರೈಸ್ತರು ಚದುರಿಹೋಗಿದ್ದರು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸಾವಿರಸಾವಿರ ಸಂಖ್ಯೆಯಲ್ಲಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದು ಸೆರೆಯಲ್ಲಿಟ್ಟಿದ್ದರು. ದಾರಿಯಲ್ಲೇ ಸತ್ತವರು ಎಷ್ಟೋ ಮಂದಿ. ಹದಿನೈದು ವರ್ಷದ ಆ ಸೆರೆ ಮುಗಿದು ಕೆಲವರು ಊರಿಗೆ ಹೊರಟಿದ್ದರು, ಕೆಲವರು ಇಲ್ಲೇ ನಿಂತಿದ್ದರು. ಇದ್ದ ಗುಡಿಗಳು ಹಾಳುಬಿದ್ದಿದ್ದವು. ಯುದ್ಧ ಮುಗಿದ ಮರುವರ್ಷವೇ ಗಂಜಾಂನಲ್ಲಿ ಈ ಸಣ್ಣ ಗುಡಿ ಎದ್ದಿತು. ಸೋತವರು, ಗೆದ್ದವರು, ಬಿಡುಗಡೆಯಾದವರು ಎಲ್ಲರೂ ಇನ್ನೂ ಅದೇ ದ್ವೀಪದಲ್ಲಿ ಸುಳಿದಾಡುತ್ತಿದ್ದ ದಿನಗಳವು.

ಮೈಸೂರು ಸೀಮೆಯ ಕಥೋಲಿಕರ ಕಥೆ ಅಲ್ಲಿಂದ ಶುರುವಾಗುವುದಿಲ್ಲ. ಅದಕ್ಕೂ ನೂರೈವತ್ತು ವರ್ಷ ಹಿಂದೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಯೇಸುಸಭೆಯ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಇದೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ವ್ಯಾಕರಣ, ಧರ್ಮೋಪದೇಶದ ಬರಹಗಳನ್ನು ಬರೆದರು. ಹತ್ತಿರದ ಪಾಲಹಳ್ಳಿಯೂ ಆ ಕಾಲದ ಕ್ರೈಸ್ತರ ನೆಲೆಯೇ. ಅದೇ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು ಎಂಬುದನ್ನು ಕಬ್ಬು ಬೆಳೆದ ಮನೆಯ ನಾನು ಹೇಳದೆ ಮುಂದೆ ಹೋಗಲಾರೆ. ಮಂಡ್ಯದ ಕಾರ್ಖಾನೆಗೆ ಎಂಬತ್ತಾರು ವರ್ಷ ಹಿರಿಯಣ್ಣ ಅದು.

ದ್ಯುಬುವಾ ಅವರು ನಮ್ಮ ನಾಡಿನವರಂತೆ ಉಟ್ಟು, ತಲೆಗೆ ಪೇಟ ಸುತ್ತಿ, ಮಾಂಸ ಬಿಟ್ಟು, ಜನರ ನಡುವೆ ಬದುಕಿದರು. ಬಿಳಿ ನಿಲುವಂಗಿ, ಪೇಟ, ಉದ್ದನೆಯ ಗಡ್ಡದ ಅವರ ಚಿತ್ರವನ್ನು ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದಿದ್ದಾನೆ. ಅದನ್ನು ನೋಡಿದರೆ ಸಂತೆಯಲ್ಲಿ ಎದುರಾಗುವ ಯಾರೋ ಗೌಡರು ಅನ್ನಬೇಕು. ಹಾಸನದ ಕಡೆ ಸತ್ತಿಹಳ್ಳಿಯಲ್ಲಿ ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ, ದಾಕು.

ಸಿಡುಬಿಗೆ ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದನ್ನು ಹಾಕಿಸಿಕೊಳ್ಳಲು ಜನ ಒಪ್ಪುತ್ತಿರಲಿಲ್ಲ. ಒಪ್ಪುವುದು ಹೇಗೆ? ಬೇನೆಯೇ ತಾಯಿಯ ಬರವು. ಆ ತಾಯಿ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಬಿಟ್ಟು, ಉಸಿರು ಬಿಗಿಹಿಡಿದು ಕಾಯುತ್ತಿದ್ದವರು ನಾವು. ಹಸುವಿನ ಬೇನೆಯ ರಸವನ್ನು ತೋಳಿಗೆ ಚುಚ್ಚಿಸಿಕೊಂಡು ತಾಯಿಯನ್ನು ಬರಗೊಡದೆ ತಡೆಯುವುದು ಎಂದರೆ ಹೆದರಿಕೆಯಾಗುವುದೇ. ದ್ಯುಬುವಾ ಹಳ್ಳಿಹಳ್ಳಿಗೆ ಹೋಗಿ ಕೂತು, ಅವರ ಭಾಷೆಯಲ್ಲಿ ಹೇಳಿ, ಒಪ್ಪಿಸಿ ದಾಕು ಹಾಕಿಸಿದರು. 1803–04ರ ಅವಧಿಯಲ್ಲಿ ಅವರ ಕೈಯಿಂದ, ಅವರ ಜೊತೆಯವರಿಂದ ದಾಕು ಹಾಕಿಸಿಕೊಂಡವರು 25,432 ಮಂದಿ. ಒಬ್ಬೊಬ್ಬರನ್ನೂ ಎಣಿಸಿ ಬರೆದಿಟ್ಟ ಲೆಕ್ಕ ಅದು. ರೈಲಿಲ್ಲದ, ಸರಿಯಾದ ರಸ್ತೆಯಿಲ್ಲದ ಕಾಲದಲ್ಲಿ, ತೋಳಿಂದ ತೋಳಿಗೆ ರಸ ದಾಟಿಸಿಕೊಂಡು ಹೋಗಬೇಕಾಗಿದ್ದ ಕಾಲದಲ್ಲಿ!

ಇದನ್ನು ಓದಿದ ದಿನ ನಾನು ನನ್ನ ಎಡತೋಳಿನ ಅಂಗಿ ಮೇಲೆತ್ತಿ ನೋಡಿಕೊಂಡೆ. ಅಲ್ಲಿ ಎರಡು ದುಂಡನೆಯ ಗುರುತುಗಳಿವೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ದಾಕು ಹಾಕುವವರು ಸ್ಕೂಲಿಗೆ ಬಂದಿದ್ದರು. ತಿರುಪಿನ ಸೂಜಿಯನ್ನು ತೋಳಿಗೆ ಒತ್ತಿ ಗಿರ್ರೆಂದು ತಿರುಗಿಸಿದರೆ ಜೀವ ಬಾಯಿಗೆ ಬರುತ್ತಿತ್ತು. ಗೆಳೆಯನೂ ನಾನೂ ಒಟ್ಟಿಗೆ ಕಿಟಕಿ ಹಾರಿ ಓಡಿ, ಕಬ್ಬಿನ ಗದ್ದೆಯಲ್ಲಿ ಅವಿತುಕೊಂಡೆವು. ಹುಡುಕಿ ಎಳೆದು ತಂದದ್ದು ಅವನ ತಾತ. “ದೊಡ್ಡಸ್ವಾಮೇರು ಕೊಟ್ಟಿದ್ದು ಕಣ್ರಲಾ ಇದು, ಓಡ್ಬಾರ್ದು” ಎಂದು ಗದರಿಸಿ ಮೊದಲು ಮೊಮ್ಮಗನ ತೋಳು, ಆಮೇಲೆ ನನ್ನ ತೋಳು ಮುಂದೆ ಹಿಡಿದರು. ಅಂದು ಅದು ಹೆದರಿಸುವ ಮಾತು ಎಂದುಕೊಂಡಿದ್ದೆ. ಅದು ಚರಿತ್ರೆ ಎಂದು ಗೊತ್ತಾದದ್ದು ಹದಿನಾಲ್ಕು ವರ್ಷದ ಮೇಲೆ. ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ಸಿಡುಬು ಇಲ್ಲವಾಗಿತ್ತು. ಅದು ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. ತಾತನೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಹೇಳಿಕೊಳ್ಳಲು ಇಬ್ಬರೂ ಸಿಗಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ದ್ಯುಬುವಾ ಅವರ ಪುಸ್ತಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹ ಕೊಟ್ಟು ಕೊಂಡಿತು. ಇಂಗ್ಲಿಷಿನಲ್ಲಿ ಅದು 1816ರಲ್ಲಿ ಅಚ್ಚಾಯಿತು. ನಮ್ಮ ಪದ್ಧತಿಗಳ ಬಗ್ಗೆ ಅದರಲ್ಲಿ ಕಠಿಣವಾದ, ಒಪ್ಪಲಾಗದ ಮಾತುಗಳು ಬಹಳ ಇವೆ. ಅದರ ಬಹುಭಾಗಕ್ಕೆ ಕೂರ್ದೂ ಎಂಬ ಹಿಂದಿನ ಪಾದ್ರಿಯ ಬರಹವೇ ಮೂಲ ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ವಿದ್ವಾಂಸರು ಅದನ್ನು ಅಳೆಯಲಿ, ತೂಗಲಿ. ನನ್ನ ತೀರ್ಮಾನ ಇಷ್ಟೇ: ಆ ಮನುಷ್ಯನನ್ನು ಪುಸ್ತಕದಿಂದ ತಿಳಿದವರಿಗಿಂತ ಗಂಜಾಂನ ಗುಡಿಯಿಂದ, ತೋಳಿನ ದಾಕಿನಿಂದ ತಿಳಿದವರು ಸರಿಯಾಗಿ ತಿಳಿದಿದ್ದರು. ಅವರಿಗೆ ದೊಡ್ಡಸ್ವಾಮಿ ಎಂದು ಹೆಸರಿಟ್ಟವರು ಲೈಬ್ರರಿಯವರಲ್ಲ. 1823ರಲ್ಲಿ ಅವರು ಈ ದೇಶ ಬಿಟ್ಟು ಹೋದರು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಮೂವತ್ತೊಂದು ವರ್ಷ ಇಲ್ಲಿದ್ದ ಮನುಷ್ಯ ಮರಳಿ ತಮ್ಮ ನಾಡು ಕಾಣಲಿಲ್ಲ ಎಂದು ತಾತ ಹೇಳುತ್ತಿದ್ದರು. ‘ತಮ್ಮ ನಾಡು’ ಅಂದರೆ ತಾತನ ಲೆಕ್ಕದಲ್ಲಿ ಗಂಜಾಂ.

ಗೆಳೆಯನ ಅಪ್ಪನಿಗೆ ವರ್ಗವಾಗಿ ಅವರು ಹನಕೆರೆ ಬಿಟ್ಟದ್ದು 1971ರಲ್ಲಿ. ಹೊರಡುವ ದಿನ ಗೂಡಿನ ಪಟವನ್ನು ಅವನ ಅವ್ವ ಎದೆಗವಚಿಕೊಂಡು ಗಾಡಿ ಹತ್ತಿದರು. ನಮ್ಮಜ್ಜಿ ಸ್ಟೇಷನ್ನಿನ ತನಕ ಬಂದು ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಕಳಿಸಿದಳು, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಮೀಟರ್ ಗೇಜಿನ ಹಳಿಯೂ ಆಮೇಲೆ ಹೋಯಿತು, ಬ್ರಾಡ್ ಗೇಜ್ ಬಂತು, ಜೋಡಿ ಹಳಿ ಬಂತು. ಅವರಿದ್ದ ಸಾಲುಮನೆ ಈಗಿಲ್ಲ.

ದೂರದಲ್ಲಿದ್ದರೂ ನಾವು ಎಷ್ಟೋ ಡಿಸೆಂಬರ್ 8ಕ್ಕೆ ಗಂಜಾಂನಲ್ಲಿ ಸೇರಿದ್ದೇವೆ. ಅವನು ಹಾಸನದ ಕಡೆ ಇದ್ದಾಗ ನನ್ನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ ರೋಜರಿ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು, ಗುಡಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೇಲೆದ್ದು ನಿಲ್ಲುತ್ತದೆ. ಅಲ್ಲಿ ಫೋಟೊ ತೆಗೆಯುವವರ ಗದ್ದಲ. ಗೆಳೆಯ ಛಾವಣಿಯಿಲ್ಲದ ಕಮಾನಿನ ಕೆಳಗೆ ನಿಂತು ಮೆಲ್ಲಗೆ ಜಪ ಹೇಳಿಕೊಂಡ. “ಇಲ್ಲಿ ಎಷ್ಟು ಮದ್ವೆ ಆಗಿರ್ಬೌದು, ಎಷ್ಟು ಕೂಸಿಗೆ ಹೆಸ್ರಿಟ್ಟಿರ್ಬೌದು ಲೆಕ್ಕ ಹಾಕು” ಅಂದ. ನನಗೆ ಆ ಪಾಳು ಗೋಡೆಗಳು ಬಹಳ ಚೆಂದ ಕಾಣುತ್ತಿದ್ದವು. ಅವನಿಗೆ ಹಾಗೆ ಕಾಣಲಿಲ್ಲ. ಅವನ ನೋಟವೇ ಸರಿ ಎಂದು ನನಗೆ ಅಲ್ಲೇ ಅನ್ನಿಸಿತು. ಜನ ಬಿಟ್ಟುಹೋದ ಗುಡಿಯ ಚೆಂದ ನೋಡುವವರದು, ದುಃಖ ಬಿಟ್ಟುಹೋದವರದು.

ಗಂಜಾಂ ಗುಡಿಗೆ ಆ ಗತಿ ಬರಲಿಲ್ಲ. ಅಲ್ಲಿ ಇವತ್ತಿಗೂ ದೀಪ ಉರಿಯುತ್ತದೆ. ಕೆಲವು ವರ್ಷದ ಹಿಂದೆ ಹಬ್ಬಕ್ಕೆ ಹೋದಾಗ ನಾವಿಬ್ಬರೂ ಅರವತ್ತು ದಾಟಿದವರು. ಗೆಳೆಯನ ಮೊಮ್ಮಗಳು ಜೊತೆಗಿದ್ದಳು. ನನ್ನನ್ನು ತೋರಿಸಿ, “ಈ ತಾತ ನಮ್ಮೋರಲ್ವಲ್ಲ, ಯಾಕೆ ಬತ್ತಿ ಹಚ್ತಾರೆ?” ಎಂದು ಕೇಳಿದಳು. ಗೆಳೆಯ ನಕ್ಕು, “ಅದು ಅವರಜ್ಜಿ ಬತ್ತಿ ಕಣವ್ವ, ಪ್ರತಿ ವರ್ಷ ಹಚ್ಚಲೇಬೇಕು” ಅಂದ. ಆಮೇಲೆ ಮೂವರೂ ನಿಮಿಷಾಂಬೆಯ ಮೆಟ್ಟಿಲಿಗೆ ಹೋದೆವು. ಈ ಸಲ ಬುತ್ತಿ ತಂದವನು ನಾನು. ಹಿಸುಕಿದ ಅವರೆಬೇಳೆಯೇ.

ಅದೇ ದಿನ ಸ್ಟೇಷನ್ನಿನ ಹತ್ತಿರ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ನೋಡಿದೆವು. ಜೋಡಿ ಹಳಿಗೆ ಅಡ್ಡ ಬಂದ ಅದನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಪಕ್ಕಕ್ಕೆ ಸರಿಸಿ ಇಟ್ಟಿದ್ದಾರೆ. ಕಲ್ಲು ಗಾರೆಯ ಒಂದು ಮದ್ದಿನ ಮನೆಗೆ ನಾವು ಇಷ್ಟು ಜೋಪಾನ ಮಾಡಬಲ್ಲೆವು ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಅಂಥ ಜೋಪಾನದಲ್ಲಿ ಒಂದು ಚೂರು ನಮ್ಮ ಸೀಮೆಯ ಸಣ್ಣ ಗುಡಿಗಳಿಗೂ ಬೇಕು. ಅವುಗಳ ಗೋಡೆಗಿಂತ ಮೊದಲು ಹೋಗುವುದು ಹಿರಿಯರ ಬಾಯಲ್ಲಿರುವ ಹೆಸರುಗಳು, ಹಳೆಯ ಜಪಗಳು, ಪದಗಳು. ಮದ್ದೂರು, ಮಂಡ್ಯ, ಮಳವಳ್ಳಿ ಕಡೆಯ ಕಥೋಲಿಕ ಮನೆಗಳಲ್ಲಿ ಎಂಬತ್ತು ದಾಟಿದವರು ಇದ್ದರೆ, ಮನೆಯ ಹುಡುಗರು ಅವರ ಪಕ್ಕ ಕೂತು ಫೋನಿನಲ್ಲಾದರೂ ಅವರ ಮಾತು ಹಿಡಿದಿಡಬೇಕು. ಗೆಳೆಯನ ತಾತನ ಲತೀನು ಹೀಗೇ ಯಾರೂ ಹಿಡಿದಿಡದೆ ಹೋಯಿತು.

ಹೊಸ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗುವವರಿಗೆ ಈಗ ಮಂಡ್ಯವೂ ಕಾಣುವುದಿಲ್ಲ. ಆದರೂ ಶ್ರೀರಂಗಪಟ್ಟಣಕ್ಕೆ ಹೋಗುವವರು ಬಹಳ. ರಂಗನಾಥನನ್ನು ನೋಡಿ, ದರಿಯಾ ದೌಲತ್ತು ನೋಡಿ, ಗುಂಬಜ್ ನೋಡಿ, ನಿಮಿಷಾಂಬೆಗೆ ಕಾಯಿ ಒಡೆಸಿ ಬರುವವರು ಗಂಜಾಂನಲ್ಲಿ ಅರ್ಧ ಗಂಟೆ ನಿಲ್ಲಿ. ದೊಡ್ಡಸ್ವಾಮಿ ಕಟ್ಟಿಸಿದ ಗುಡಿ ಎಲ್ಲಿ ಎಂದು ಕೇಳಿ. ಹೋಗುವಾಗ ಒಂದು ಮೇಣದ ಬತ್ತಿ ಜೊತೆಗಿರಲಿ.